ಜುಲೈ ಕೊನೆಯ ಟ್ರೇಡ್: ಕೊಳ್ಳುವುದು ಆಟಗಾರನನ್ನೋ, ಉಳಿದ ದಿನಗಳನ್ನೋ?

ಮೇಜರ್ ಲೀಗ್ ಬೇಸ್‌ಬಾಲ್‌ನ ನಡುಸೀಸನ್ ಟ್ರೇಡ್ (ತಂಡಗಳ ನಡುವೆ ಆಟಗಾರರ ಅದಲುಬದಲು) ಬಗ್ಗೆ ಸದಸ್ಯರು ಕೇಳಿದ ಪ್ರಶ್ನೆಗಳು ಇಲ್ಲಿವೆ. ಉತ್ತರಿಸಿರುವ ಮೇಡಂ ಆಟಗಾರರ ಮೌಲ್ಯದ ಲೆಕ್ಕ ಹಾಕುವ ವೃತ್ತಿಯವರು.

ಪ್ರಶ್ನೆ (ಮೈಸೂರು): ಮೇಡಂ, ನಾನು ಕ್ರಿಕೆಟ್ ಕಡೆಯಿಂದ ಬಂದವನು. 2023ರ ನವೆಂಬರ್‌ನಲ್ಲಿ ನಮ್ಮ ಆರ್‌ಸಿಬಿ ಮುಂಬೈಗೆ 17.5 ಕೋಟಿ ಕೊಟ್ಟು ಕ್ಯಾಮರೂನ್ ಗ್ರೀನ್‌ನ ತಗೊಂಡಿದ್ದು ಅರ್ಥ ಆಗುತ್ತೆ. ಬೇಸ್‌ಬಾಲ್‌ನಲ್ಲಿ ಯಾಕೆ ದುಡ್ಡಿನ ಬದಲು ಯಾರೂ ಹೆಸರು ಕೇಳಿರದ ಹುಡುಗರನ್ನ ಕೊಡ್ತಾರೆ?

ಉತ್ತರ: ದುಡ್ಡಿನ ದಾರಿಯನ್ನು 1976ರಲ್ಲೇ ಮುಚ್ಚಿದರು. ಆ ಜೂನ್‌ನಲ್ಲಿ ಓಕ್ಲೆಂಡ್ ಮಾಲೀಕ ಚಾರ್ಲಿ ಫಿನ್ಲೆ ತನ್ನ ಪಿಚರ್ (ಚೆಂಡೆಸೆಯುವವ) ವೈಡಾ ಬ್ಲೂನನ್ನು ಯಾಂಕೀಸ್‌ಗೆ 15 ಲಕ್ಷ ಡಾಲರ್‌ಗೆ, ರೋಲಿ ಫಿಂಗರ್ಸ್ ಮತ್ತು ಜೋ ರೂಡಿಯನ್ನು ರೆಡ್ ಸಾಕ್ಸ್‌ಗೆ ತಲಾ 10 ಲಕ್ಷಕ್ಕೆ ಮಾರಿದ. ಕಮಿಷನರ್ ಬೋವಿ ಕ್ಯೂನ್ ಮೂರೂ ಮಾರಾಟಗಳನ್ನು ರದ್ದುಮಾಡಿದರು. ಅಂದಿನಿಂದ ಒಳ್ಳೆಯ ಆಟಗಾರನನ್ನು ಬರೀ ನಗದಿಗೆ ಮಾರುವುದು ನಿಂತೇಹೋಯಿತು. ಹೊಸ ಹುಡುಗರನ್ನು ತಂಡಗಳು ಒಂದಾದ ಮೇಲೊಂದು ಆರಿಸಿಕೊಳ್ಳುವ ಡ್ರಾಫ್ಟ್‌ನ ಸರದಿಗಳನ್ನೂ ಕೊಡುವಂತಿಲ್ಲ. ಚಿಕ್ಕ ತಂಡಗಳಿಗೆ ಸಿಗುವ ‘ಕಾಂಪಿಟಿಟಿವ್ ಬ್ಯಾಲೆನ್ಸ್’ ಸರದಿಗಳಿಗೆ ಮಾತ್ರ ವಿನಾಯಿತಿ. ಹೀಗಾಗಿ ಉಳಿದಿರುವ ನಾಣ್ಯ ಒಂದೇ, ಕೆಳಹಂತದ ಮೈನರ್ ಲೀಗ್‌ನ ಹುಡುಗರು, ಅಂದರೆ ಪ್ರಾಸ್ಪೆಕ್ಟ್‌ಗಳು.

ಆ ಹುಡುಗನ ಬೆಲೆ ಅವನ ತೋಳಿನಲ್ಲಿ ಎಷ್ಟಿದೆಯೋ ಕರಾರಿನಲ್ಲೂ ಅಷ್ಟೇ ಇದೆ. ಮೇಜರ್ ಲೀಗ್‌ಗೆ ಬಂದ ಮೇಲೆ ಫ್ರೀ ಏಜೆಂಟ್ (ಬೇಕಾದ ತಂಡದ ಜೊತೆ ಕರಾರು ಮಾಡಿಕೊಳ್ಳಬಲ್ಲವನು) ಆಗಲು 6 ವರ್ಷದ ಸೇವೆ ಬೇಕು. 172 ದಿನ ಸೇರಿದರೆ ಒಂದು ವರ್ಷ. ಸಾಮಾನ್ಯವಾಗಿ ಮೊದಲ ಮೂರು ವರ್ಷ ಕನಿಷ್ಠ ಸಂಬಳದ ಆಸುಪಾಸಿನಲ್ಲೇ ಆಡುತ್ತಾನೆ (2025ರಲ್ಲಿ ಆ ಕನಿಷ್ಠ 7,60,000 ಡಾಲರ್). ಆಮೇಲಿನ ಮೂರು ವರ್ಷ ಆರ್ಬಿಟ್ರೇಶನ್ (ಒಮ್ಮತ ಬಾರದಿದ್ದರೆ ಸಂಬಳವನ್ನು ಮಧ್ಯಸ್ಥರು ತೀರ್ಮಾನಿಸುವುದು), ಆಗ ಸಂಬಳ ಏರಿದರೂ ಮಾರುಕಟ್ಟೆ ದರ ಮುಟ್ಟುವುದಿಲ್ಲ. ಒಳ್ಳೆಯ ಆಟಗಾರ ಆರು ವರ್ಷ ಅಗ್ಗಕ್ಕೆ ಸಿಗುತ್ತಾನೆಂದರೆ ಮಾರುವ ತಂಡ ಇನ್ನೇನು ಕೇಳೀತು!

ಪ್ರಶ್ನೆ (ಸಿಯಾಟಲ್): ಒಬ್ಬ ಆಟಗಾರನಿಗೆ ಎಷ್ಟು ಕೊಡಬಹುದು ಅಂತ ಹೇಗೆ ಲೆಕ್ಕ ಹಾಕ್ತೀರಿ? ಹಂತ ಹಂತವಾಗಿ ಹೇಳಿ.

ಉತ್ತರ: ಒಂದು ಕಾಲ್ಪನಿಕ ಉದಾಹರಣೆ ಇಟ್ಟುಕೊಳ್ಳೋಣ. ವರ್ಷಕ್ಕೆ ತಂಡಕ್ಕೆ 4 ಹೆಚ್ಚುವರಿ ಗೆಲುವು ತರುವ ಆಟಗಾರ, ವಾರ್ಷಿಕ ಸಂಬಳ 18 ಮಿಲಿಯನ್ ಡಾಲರ್, ಕರಾರು ಈ ಸೀಸನ್‌ಗೆ ಮುಗಿಯುತ್ತದೆ. ಇಂಥವನನ್ನು ರೆಂಟಲ್ ಎನ್ನುತ್ತಾರೆ, ಎರಡು ತಿಂಗಳ ಬಾಡಿಗೆಯವನು.

ಜುಲೈ ಕೊನೆಗೆ 162 ಪಂದ್ಯಗಳಲ್ಲಿ ಸುಮಾರು 54 ಉಳಿದಿರುತ್ತವೆ, ಮೂರನೇ ಒಂದು ಭಾಗ. ಅವನಿಂದ ಸಿಗುವುದು 1.33 ಗೆಲುವು. ಒಂದು ಗೆಲುವಿಗೆ ನಿಮ್ಮ ತಂಡ 8 ಮಿಲಿಯನ್ ಬೆಲೆ ಕಟ್ಟುತ್ತದೆ ಎಂದುಕೊಂಡರೆ 10.7 ಮಿಲಿಯನ್. ಉಳಿದ ಸಂಬಳ 6 ಮಿಲಿಯನ್ ಕಳೆಯಿರಿ. ಮಿಕ್ಕ 4.7 ಮಿಲಿಯನ್ನೇ ನೀವು ಹುಡುಗರ ರೂಪದಲ್ಲಿ ಕೊಡಬಹುದಾದ ಮೊತ್ತ. ಅಷ್ಟಕ್ಕೆ ಒಬ್ಬ ಮಧ್ಯಮ ದರ್ಜೆಯ ಪ್ರಾಸ್ಪೆಕ್ಟ್, ಜೊತೆಗೊಬ್ಬ ದೂರದ ಆಸೆಯ ಹುಡುಗ.

ಈಗ ಅದೇ ಆಟಗಾರನಿಗೆ ಇನ್ನೊಂದು ವರ್ಷದ ಕರಾರು ಇದೆ ಎನ್ನಿ. 5.33 ಗೆಲುವು, 42.7 ಮಿಲಿಯನ್. ಸಂಬಳ 24 ಕಳೆದರೆ 18.7. ಬೆಲೆ ಸರಿಯಾಗಿ ನಾಲ್ಕು ಪಟ್ಟಾಯಿತು. ಆಟಗಾರ ಅವನೇ, ಬ್ಯಾಟು ಅದೇ. ಅಭಿಮಾನಿಗಳು ಹೆಸರು ನೋಡಿ ‘ಇಷ್ಟೇನಾ ಸಿಕ್ಕಿದ್ದು’ ಎಂದು ಗೋಳಾಡುವಾಗ ತಪ್ಪುವುದು ಇಲ್ಲೇ.

ರೆಂಟಲ್‌ಗೆ ಇನ್ನೂ ಒಂದು ಕಡಿತವಿದೆ. ಇಡೀ ಸೀಸನ್ ನಿಮ್ಮಲ್ಲೇ ಆಡಿದವನಿಗೆ ಮಾತ್ರ ನೀವು ‘ಕ್ವಾಲಿಫೈಯಿಂಗ್ ಆಫರ್’ (ನಿಗದಿತ ಮೊತ್ತದ ಒಂದು ವರ್ಷದ ಕರಾರು, ಅದನ್ನು ಒಲ್ಲೆನೆಂದು ಹೋದರೆ ತಂಡಕ್ಕೆ ಪರಿಹಾರ) ಕೊಡಬಹುದು. ನಡುವೆ ಬಂದವನು ನವೆಂಬರ್‌ನಲ್ಲಿ ಬೇರೆಡೆ ಹೋದರೆ ಪರಿಹಾರವಾಗಿ ಡ್ರಾಫ್ಟ್ ಸರದಿ ಸಿಗುವುದಿಲ್ಲ. ಹಾಗಾಗಿ ಅವನನ್ನು ಇಟ್ಟುಕೊಂಡರೆ ಸಿಗಬಹುದಾದ ಆ ಸರದಿಗಿಂತ ಹೆಚ್ಚು ಬಂದರಷ್ಟೇ ಮಾರುವ ತಂಡ ಮಾರುತ್ತದೆ.

ಸಮಯದ ಬೆಲೆ ಎಲ್ಲಿಯವರೆಗೆ ಹೋಗುತ್ತದೆ ಎನ್ನುವುದಕ್ಕೆ 2022ರ ಆಗಸ್ಟ್ 2ರ, ತಾರಾ ಬ್ಯಾಟರ್ ಹುವಾನ್ ಸೊಟೊ ಟ್ರೇಡ್ ನೋಡಿ. ಆ ವರ್ಷದ ಉಳಿಕೆ, 2023, 2024, ಹೀಗೆ ಮೂರು ಸೀಸನ್‌ನಲ್ಲಿ ಕಪ್ ಆಸೆ. ಸೊಟೊ ಜೊತೆ ಜೋಶ್ ಬೆಲ್‌ನನ್ನೂ ಪಡೆಯಲು ಪಾಡ್ರೇಸ್ ತಂಡ ವಾಷಿಂಗ್ಟನ್‌ಗೆ ಏಬ್ರಮ್ಸ್, ಗೋರ್, ಜೇಮ್ಸ್ ವುಡ್, ಹ್ಯಾಸೆಲ್, ಸುಸಾನಾ ಮತ್ತು ಲ್ಯೂಕ್ ವಾಯ್ಟ್‌ರನ್ನು ಕೊಟ್ಟಿತು. ಏಬ್ರಮ್ಸ್ 2024ರಲ್ಲಿ, ಗೋರ್ ಮತ್ತು ವುಡ್ 2025ರಲ್ಲಿ ಆಲ್‌ಸ್ಟಾರ್ (ವರ್ಷದ ತಾರೆಯರ ಪಂದ್ಯಕ್ಕೆ ಆಯ್ಕೆ) ಆದರು. ಹಾಗೆಂದು ಪಾಡ್ರೇಸ್ ಮೋಸಹೋಯಿತು ಎನ್ನಬೇಡಿ. ಬಳಸದೆ ಉಳಿದ 2024ರ ವರ್ಷವನ್ನು ಅವರು 2023ರ ಡಿಸೆಂಬರ್‌ನಲ್ಲಿ ಯಾಂಕೀಸ್‌ಗೆ ಮತ್ತೆ ಮಾರಿ ಮೈಕಲ್ ಕಿಂಗ್ ಮುಂತಾದವರನ್ನು ಪಡೆದರು.

ಪ್ರಶ್ನೆ (ಫ್ರೀಮಾಂಟ್): ನಮ್ಮ ಟೀಮ್ ವೈಲ್ಡ್ ಕಾರ್ಡ್‌ಗೆ 4 ಪಂದ್ಯ ಹಿಂದಿದೆ. ಕೊಳ್ಳಬೇಕಾ, ಮಾರಬೇಕಾ?

ಉತ್ತರ: ವೈಲ್ಡ್ ಕಾರ್ಡ್ ಎಂದರೆ ತಮ್ಮ ಡಿವಿಜನ್ (ಲೀಗ್‌ನೊಳಗಿನ ಗುಂಪು) ಗೆಲ್ಲದವರಿಗೂ ಪ್ಲೇಆಫ್‌ನಲ್ಲಿ (ಕಪ್‌ಗಾಗಿ ನಡೆಯುವ ಕೊನೆಯ ಸುತ್ತುಗಳಲ್ಲಿ) ಸಿಗುವ ಜಾಗ. 4 ಎನ್ನುವ ಅಂಕಿಯೊಂದರಿಂದ ಏನೂ ಹೇಳಲಾಗದು. ಮಧ್ಯೆ ಎಷ್ಟು ತಂಡಗಳಿವೆ? ಒಂದೇ ಇದ್ದರೆ 4 ಪಂದ್ಯ ದಾಟಬಹುದು. ನಾಲ್ಕು ತಂಡಗಳಿದ್ದರೆ ಅಷ್ಟೂ ಒಟ್ಟಿಗೆ ಕುಸಿಯಬೇಕು. ಗಳಿಸಿದ ರನ್‌ಗೂ ಬಿಟ್ಟುಕೊಟ್ಟ ರನ್‌ಗೂ ಇರುವ ವ್ಯತ್ಯಾಸ ನೋಡಿ, ಗೆಲುವು ಸೋಲಿನ ಪಟ್ಟಿಗಿಂತ ಅದು ಮುಂದಿನ ಎರಡು ತಿಂಗಳನ್ನು ಚೆನ್ನಾಗಿ ಹೇಳುತ್ತದೆ. ಮುಖಾಮುಖಿ ದಾಖಲೆಯನ್ನೂ ನೋಡಿ. 2022ರಿಂದ ಸಮಬಲವಾದರೆ 163ನೇ ಪಂದ್ಯ ಇಲ್ಲ, ಪರಸ್ಪರ ಆಡಿದ್ದರಲ್ಲಿ ಯಾರು ಮುಂದಿದ್ದಾರೋ ಅವರೇ ಒಳಗೆ. ಮುಖಾಮುಖಿಯಲ್ಲಿ ಸೋತಿದ್ದರೆ ನಿಮ್ಮ 4 ಪಂದ್ಯ ನಿಜಕ್ಕೂ 5.

ಅರ್ಹತೆ ಸಿಕ್ಕರೂ ಏನು ಸಿಗುತ್ತದೆ ಎನ್ನುವುದು ಬೇರೆ ಲೆಕ್ಕ. ಎರಡು ಲೀಗ್‌ಗಳಲ್ಲಿ ಪ್ರತಿಯೊಂದರಿಂದ ಪ್ಲೇಆಫ್‌ಗೆ 6 ತಂಡ, ಮೊದಲ ಎರಡಕ್ಕೆ ನೇರ ಎರಡನೇ ಸುತ್ತು, ಉಳಿದವಕ್ಕೆ ಮೂರು ಪಂದ್ಯಗಳ ಸರಣಿ. ಮೂರು ಪಂದ್ಯದ ಸರಣಿ ಹೆಚ್ಚುಕಡಿಮೆ ನಾಣ್ಯ ಚಿಮ್ಮಿದಂತೆ. ಆದ್ದರಿಂದ ಕೊನೆಯ ವೈಲ್ಡ್ ಕಾರ್ಡ್‌ನ ಬೆಲೆ ಡಿವಿಜನ್ ಗೆಲುವಿನ ಅರ್ಧ ಎಂದು ಹಿಡಿಯುವುದು ಜಾಣತನ.

ಎರಡು ಉದಾಹರಣೆ. 2021ರಲ್ಲಿ ಅಟ್ಲಾಂಟಾದ ತಾರಾ ಔಟ್‌ಫೀಲ್ಡರ್ ರೊನಾಲ್ಡ್ ಅಕೂನಾ ಜುಲೈ 10ರಂದು ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡ. ಡೆಡ್‌ಲೈನ್ ದಿನ (ಟ್ರೇಡ್‌ಗೆ ಇರುವ ಕೊನೆಯ ದಿನ) ತಂಡದ ಸೋಲುಗಳೇ ಗೆಲುವಿಗಿಂತ ಹೆಚ್ಚು. ಆದರೆ ಅವರ ಡಿವಿಜನ್ ದುರ್ಬಲವಾಗಿತ್ತು, ಖಾಲಿಯಿದ್ದ ಜಾಗ ಔಟ್‌ಫೀಲ್ಡ್ ಎನ್ನುವುದು ಸ್ಪಷ್ಟವಿತ್ತು. ಪೀಡರ್ಸನ್, ಡುವಾಲ್, ಸೊಲೆರ್, ರೊಸಾರಿಯೊ ನಾಲ್ವರನ್ನು ತಂದರು, ದೊಡ್ಡ ಪ್ರಾಸ್ಪೆಕ್ಟ್ ಒಬ್ಬನನ್ನೂ ಬಿಡಲಿಲ್ಲ. ಗಾಯದ ಪಟ್ಟಿಯಲ್ಲಿದ್ದ ರೊಸಾರಿಯೊಗೆ ಅವರು ಕೊಟ್ಟದ್ದು ಪಾಬ್ಲೊ ಸ್ಯಾಂಡೊವಲ್‌ನನ್ನು. ಅವನನ್ನು ಕ್ಲೀವ್‌ಲೆಂಡ್ ತಕ್ಷಣ ಕೈಬಿಟ್ಟಿತು. ರೊಸಾರಿಯೊ ನ್ಯಾಷನಲ್ ಲೀಗ್ ಸರಣಿಯ ಶ್ರೇಷ್ಠ ಆಟಗಾರ, ಸೊಲೆರ್ ವರ್ಲ್ಡ್ ಸೀರೀಸ್ ಎಂಬ ಫೈನಲ್‌ನ ಶ್ರೇಷ್ಠ ಆಟಗಾರ, ಕಪ್ ಅಟ್ಲಾಂಟಾಗೆ.

ತಲೆಕೆಳಗಾದದ್ದು 2023ರ ಏಂಜಲ್ಸ್. ತಂಡದ ದೊಡ್ಡ ತಾರೆ ಒಟಾನಿಯ ಕರಾರಿಗೆ ಅದೇ ಕೊನೆಯ ವರ್ಷವಾಗಿದ್ದರೂ ಅವನನ್ನು ಮಾರದೆ, ಎಡ್ಗರ್ ಕ್ವೆರೊ ಮತ್ತು ಕೈ ಬುಶ್‌ರನ್ನು ಕೊಟ್ಟು ಜಿಯೊಲಿಟೊ, ಲೋಪೆಜ್ ಎಂಬ ಇಬ್ಬರು ರೆಂಟಲ್ ಪಿಚರ್‌ಗಳನ್ನು ತಂದರು. ಆಗಸ್ಟ್ ಬಂದದ್ದೇ ಸತತ 7 ಸೋಲು. ತಿಂಗಳ ಕೊನೆಗೆ ತೆರಿಗೆ ರೇಖೆಯ ಕೆಳಗಿಳಿಯಲು ಇಬ್ಬರನ್ನೂ ವೇವರ್‌ಗೆ ಹಾಕಿದರು (ಬೇಕಾದ ತಂಡ ಎತ್ತಿಕೊಳ್ಳಲೆಂದು ಬಿಟ್ಟರು), ಕ್ಲೀವ್‌ಲೆಂಡ್ ಪುಕ್ಕಟೆ ಎತ್ತಿಕೊಂಡಿತು. ಕೊನೆಗೆ 73 ಗೆಲುವು, 89 ಸೋಲು, ಒಟಾನಿ ಡಾಡ್ಜರ್ಸ್‌ಗೆ.

ಪ್ರಶ್ನೆ (ಬೆಂಗಳೂರು): ತೆರಿಗೆ ರೇಖೆ ಅಂದ್ರಲ್ಲ, ಅದು ಟ್ರೇಡ್‌ಗೆ ಹೇಗೆ ಅಡ್ಡ ಬರುತ್ತೆ?

ಉತ್ತರ: ತಂಡದ ಒಟ್ಟು ಸಂಬಳ ಒಂದು ಮಿತಿ ದಾಟಿದರೆ ದಾಟಿದ ಭಾಗಕ್ಕೆ ತೆರಿಗೆ. 2025ರ ಮಿತಿ 241 ಮಿಲಿಯನ್. ಮೊದಲ ವರ್ಷ ದಾಟಿದರೆ 20%, ಸತತ ಎರಡನೇ ವರ್ಷ 30%, ಮೂರನೆಯದರಿಂದ 50%. ಮಿತಿಗಿಂತ 60 ಮಿಲಿಯನ್ ಮೇಲೆ ಹೋದರೆ ಅದರ ಮೇಲಿನ ಭಾಗಕ್ಕೆ ಇನ್ನೂ 60%. ಎರಡೂ ಸೇರಿ 110%.

ಮೇಲಿನ ರೆಂಟಲ್‌ನನ್ನೇ ಅಂಥ ತಂಡ ಕೊಂಡರೆ 6 ಮಿಲಿಯನ್ ಸಂಬಳಕ್ಕೆ 6.6 ಮಿಲಿಯನ್ ತೆರಿಗೆ, ಒಟ್ಟು 12.6. ಅವನ ಬೆಲೆ 10.7 ತಾನೆ? ಹುಡುಗರನ್ನು ಕೊಡುವ ಮೊದಲೇ ನಷ್ಟ. ಆಗ ಆಡುವ ಆಟವೆಂದರೆ ಮಾರುವವರೇ ಸಂಬಳ ಹೊರುವುದು. ಅವರು ಕಟ್ಟಿದ ಹಣ ಅವರ ಖಾತೆಗೇ ಸೇರುತ್ತದೆ, ಬದಲಿಗೆ ನೀವು ಒಳ್ಳೆಯ ಪ್ರಾಸ್ಪೆಕ್ಟ್ ಕೊಡುತ್ತೀರಿ. 2023ರಲ್ಲಿ ಮೆಟ್ಸ್ ತಂಡ ಮ್ಯಾಕ್ಸ್ ಶೆರ್ಜರ್‌ನನ್ನು ಟೆಕ್ಸಸ್‌ಗೆ ಕಳಿಸುವಾಗ ಸುಮಾರು 35 ಮಿಲಿಯನ್ ತಾನೇ ಹೊತ್ತು ಲುಯಿಸಾಂಹೆಲ್ ಅಕೂನಾನನ್ನು (ಮೇಲಿನ ರೊನಾಲ್ಡ್‌ನ ತಮ್ಮ) ಪಡೆಯಿತು. ನಗದಿಗೆ ಆಟಗಾರನನ್ನು ಮಾರಬಾರದು, ಸರಿ. ನಗದು ಕೊಟ್ಟು ಪ್ರಾಸ್ಪೆಕ್ಟ್ ಕೊಳ್ಳಬಾರದು ಎಂದು ಯಾರೂ ಹೇಳಿಲ್ಲವಲ್ಲ!

ಪ್ರತಿಕ್ರಿಯೆ (ಷಿಕಾಗೊ): ಲೆಕ್ಕ ಎಲ್ಲಾ ಸರಿ ಮೇಡಂ. 2016ರಲ್ಲಿ ನಮ್ಮ ಕಬ್ಸ್ ಮೂರು ತಿಂಗಳ ಚ್ಯಾಪ್‌ಮನ್‌ಗೋಸ್ಕರ ಯಾಂಕೀಸ್‌ಗೆ ಪ್ರಾಸ್ಪೆಕ್ಟ್ ಗ್ಲೇಬರ್ ಟೊರೆಸ್‌ನ ಕೊಟ್ಟರು. ನಿಮ್ಮ ಸೂತ್ರದ ಪ್ರಕಾರ ಅದು ಹುಚ್ಚುತನ. ಆದರೆ 108 ವರ್ಷದ ಮೇಲೆ ಕಪ್ ಬಂತು!

ಉತ್ತರ: ಒಪ್ಪಿದೆ. ಸೂತ್ರದಲ್ಲಿ ಅದು ದುಬಾರಿಯೇ. ಟೊರೆಸ್ ಯಾಂಕೀಸ್ ಪರ 2018, 2019ರಲ್ಲಿ ಆಲ್‌ಸ್ಟಾರ್ ಆದ, ಚ್ಯಾಪ್‌ಮನ್ ಡಿಸೆಂಬರ್‌ನಲ್ಲಿ ಅದೇ ಯಾಂಕೀಸ್‌ಗೆ ವಾಪಸ್ ಹೋದ. ಆದರೆ ಕಬ್ಸ್ ಆಗ ಡಿವಿಜನ್‌ನಲ್ಲಿ ಆರಾಮಾಗಿ ಮುಂದಿತ್ತು, ಇನ್‌ಫೀಲ್ಡ್‌ನಲ್ಲಿ ಹುಡುಗರು ತುಂಬಿದ್ದರು. ಅಂಥ ತಂಡಕ್ಕೆ ಅಕ್ಟೋಬರ್‌ನ ಒಂದು ಗೆಲುವು 8 ಮಿಲಿಯನ್ ಅಲ್ಲ, ಅದಕ್ಕಿಂತ ಬಹಳ ಹೆಚ್ಚು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೆ.ಆರ್. ಮಾರ್ಕೆಟ್‌ನಲ್ಲಿ ಕನಕಾಂಬರ ಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ. ನಾನಾಗಿದ್ದರೂ ಕೊಡುತ್ತಿದ್ದೆ.

ಚ್ಯಾಪ್‌ಮನ್‌ನಂಥ ರಿಲೀವರ್ (ಪಂದ್ಯದ ನಡುವೆ ಬದಲಿಯಾಗಿ ಬಂದು ಎಸೆಯುವ ಪಿಚರ್) ಕೊಳ್ಳುವಾಗ ಒಂದು ಎಚ್ಚರಿಕೆ. ಉಳಿದ ಎರಡು ತಿಂಗಳಲ್ಲಿ ಅವನು ಎಸೆಯುವುದು 20ರಿಂದ 22 ಇನಿಂಗ್ಸ್ ಅಷ್ಟೇ, ಎರಡು ಕೆಟ್ಟ ರಾತ್ರಿ ಸಾಕು ಅಂಕಿ ಹಾಳಾಗಲು. ಸೇವ್‌ಗಳ (ಮುನ್ನಡೆ ಕಾಪಾಡಿ ಮುಗಿಸಿದ ಪಂದ್ಯಗಳ) ಸಂಖ್ಯೆ ನೋಡಬೇಡಿ. ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಶೇಕಡಾದಿಂದ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಬೇಸ್) ಶೇಕಡಾ ಕಳೆದು ನೋಡಿ. ಏಪ್ರಿಲ್‌ಗೆ ಹೋಲಿಸಿದರೆ ಜುಲೈನಲ್ಲಿ ಫಾಸ್ಟ್‌ಬಾಲ್ ವೇಗ ಒಂದೂವರೆ ಮೈಲಿ ಇಳಿದಿದ್ದರೆ ಕೈ ದಣಿದಿದೆ, ಬಿಟ್ಟುಬಿಡಿ. ವರ್ಷಗಳ ನಿಯಂತ್ರಣವಿರುವ ರಿಲೀವರ್ ಆದರೆ ಬೆಲೆ ಬೇರೆಯೇ. 2025ರಲ್ಲಿ ಪಾಡ್ರೇಸ್ ತಂಡ 2029ರವರೆಗೆ ಕೈಯಲ್ಲಿರುವ ಮೇಸನ್ ಮಿಲ್ಲರ್‌ಗಾಗಿ ತನ್ನ ಅತ್ಯುತ್ತಮ ಪ್ರಾಸ್ಪೆಕ್ಟ್, 18 ವರ್ಷದ ಲಿಯೊ ಡಿ ವ್ರೀಸ್‌ನನ್ನೇ ಬಿಟ್ಟುಕೊಟ್ಟಿತು. ಜೊತೆಗೆ ಜೆ.ಪಿ. ಸೀರ್ಸ್ ಬಂದ, ಇನ್ನೂ ಮೂವರು ಪಿಚರ್‌ಗಳು ಹೋದರು.

ಪ್ರಶ್ನೆ (ಹುಬ್ಬಳ್ಳಿ): ಮಾತು ಮುಗದ ಮ್ಯಾಲೂ ಟ್ರೇಡ್ ಮುರೀತಾವಲ್ಲರಿ, ಯಾಕ?

ಉತ್ತರ: ಹೆಚ್ಚಿನವು ವೈದ್ಯಕೀಯ ಕಡತದಲ್ಲಿ. ಎರಡೂ ಕಡೆ ಒಪ್ಪಿದ ಮೇಲೆ ಗಾಯದ ದಾಖಲೆ, ಸ್ಕ್ಯಾನ್‌ಗಳ ವಿನಿಮಯ. ಡೆಡ್‌ಲೈನ್ ದಿನ ಅದನ್ನು ಓದಲು ವೈದ್ಯರಿಗೆ ಗಂಟೆಗಳಷ್ಟೇ ಸಿಗುತ್ತವೆ. 2015ರ ಜುಲೈ 29ರಂದು ಮೆಟ್ಸ್‌ಗೆ ಕಾರ್ಲೋಸ್ ಗೋಮೆಜ್ ಬರುವುದು ಖಚಿತ ಎಂಬ ಸುದ್ದಿ ಪ್ರೇಕ್ಷಕರ ಫೋನ್‌ಗಳಿಗೆ ಬಂತು. ಹೋಗಬೇಕಿದ್ದ ವಿಲ್ಮರ್ ಫ್ಲೋರೆಸ್ ಮೈದಾನದಲ್ಲೇ ಕಣ್ಣೀರಿಟ್ಟ. ಗೋಮೆಜ್‌ನ ಸೊಂಟದ ಕೀಲಿನ ಬಗ್ಗೆ ಅನುಮಾನ ಬಂದು ವ್ಯವಹಾರ ನಿಂತಿತು. ಎರಡು ದಿನಕ್ಕೆ ಮೆಟ್ಸ್ ಸೆಸ್ಪೆಡಿಸ್‌ನನ್ನು ತಂದಿತು, ಅದೇ ರಾತ್ರಿ ಫ್ಲೋರೆಸ್ ಹೋಮ್‌ರನ್ ಹೊಡೆದು ಪಂದ್ಯ ಗೆಲ್ಲಿಸಿದ.

2016ರಲ್ಲಿ ಮಯಾಮಿಗೆ ಹೋದ ಪಿಚರ್ ಕಾಲಿನ್ ರೇ ಮೊದಲ ಪಂದ್ಯದಲ್ಲೇ ಮೊಣಕೈ ನೋವಿನಿಂದ ಹೊರಬಂದ. ಮಯಾಮಿ ಅವನನ್ನು ಪಾಡ್ರೇಸ್‌ಗೆ ಹಿಂತಿರುಗಿಸಿ ಲೂಯಿಸ್ ಕಸ್ಟಿಯೊನನ್ನು ವಾಪಸ್ ಪಡೆಯಿತು. ಅದೇ ಬೇಸಿಗೆಯಲ್ಲಿ ಪಿಚರ್ ಪೊಮೆರಾಂಜ್‌ನ ಟ್ರೇಡ್‌ನಲ್ಲಿ ವೈದ್ಯಕೀಯ ಮಾಹಿತಿ ಪೂರ್ತಿ ಕೊಡಲಿಲ್ಲ ಎಂದು ಪಾಡ್ರೇಸ್ ಜನರಲ್ ಮ್ಯಾನೇಜರ್ ಎ.ಜೆ. ಪ್ರೆಲ್ಲರ್‌ಗೆ ಸಂಬಳವಿಲ್ಲದ 30 ದಿನಗಳ ಅಮಾನತು ಆಯಿತು.

ಎರಡನೆಯ ಅಡ್ಡಿ ಆಟಗಾರನದೇ ಹಕ್ಕು. 10 ವರ್ಷ ಮೇಜರ್ ಲೀಗ್ ಸೇವೆ, ಅದರಲ್ಲಿ ಕೊನೆಯ 5 ಒಂದೇ ತಂಡದಲ್ಲಿ ಆದರೆ ಅವನು ಬೇಡ ಎನ್ನಬಹುದು.

ಮೂರನೆಯದು ಜಾಗ. ಮೇಜರ್ ಲೀಗ್‌ಗೆ ಆಡಿಸಲು ತಂಡ ಇಟ್ಟುಕೊಳ್ಳುವ 40 ಜನರ ಪಟ್ಟಿ ತುಂಬಿದ್ದರೆ ಬರುವವನಿಗಾಗಿ ಒಬ್ಬನನ್ನು ಕೈಬಿಡಬೇಕು. ಅದಕ್ಕೇ ಜಾಣ ತಂಡಗಳು ಯಾರನ್ನು ಮೊದಲು ಕೊಡುತ್ತವೆ ಗೊತ್ತೆ? ನವೆಂಬರ್‌ನಲ್ಲಿ ‘ರೂಲ್ 5’ (ಪಟ್ಟಿಗೆ ಸೇರಿಸದ ಹುಡುಗರನ್ನು ಬೇರೆ ತಂಡ ಎತ್ತಿಕೊಳ್ಳಬಹುದಾದ ನಿಯಮ) ಪ್ರಕಾರ 40ರೊಳಗೆ ಸೇರಿಸಲೇಬೇಕಾದ, ಆದರೆ ಜಾಗವಿಲ್ಲದ ಹುಡುಗರನ್ನು. ಹೇಗಿದ್ದರೂ ಕಳೆದುಕೊಳ್ಳುವ ಸಾಧ್ಯತೆ ಇದ್ದವರು ತಾನೆ.

ಪ್ರಶ್ನೆ (ಮೈಸೂರು): ಸುದ್ದಿಯಲ್ಲಿ ‘ಹೆಸರು ಆಮೇಲೆ ಹೇಳುವ ಆಟಗಾರ’ ಅಂತ ಬರುತ್ತಲ್ಲ, ಅದೇನು ತಮಾಷೆ?

ಉತ್ತರ: ತಮಾಷೆ ಅಲ್ಲ, ಕೆಲವೊಮ್ಮೆ ಗುಟ್ಟೆಲ್ಲ ಅವನಲ್ಲೇ ಇರುತ್ತದೆ. ಆರು ತಿಂಗಳೊಳಗೆ ಹೆಸರಿಸಬೇಕು. ಮೊದಲೇ ಒಪ್ಪಿದ ಕೆಲವು ಹೆಸರುಗಳಲ್ಲಿ ಒಬ್ಬನನ್ನು ಆರಿಸಲು ಸಮಯ ಬೇಕಾದಾಗ ಈ ದಾರಿ ಹಿಡಿಯುತ್ತಾರೆ. 2008ರ ಜುಲೈನಲ್ಲಿ ಪಿಚರ್ ಸಬಾಥಿಯಾನನ್ನು ಮಿಲ್ವಾಕಿಗೆ ಕೊಟ್ಟ ಕ್ಲೀವ್‌ಲೆಂಡ್‌ಗೆ ಹಾಗೆ ಬಂದವನು ಮೈಕಲ್ ಬ್ರ್ಯಾಂಟ್ಲಿ. ಸುದ್ದಿಯಲ್ಲಿ ಮಿಂಚಿದ್ದು ಮ್ಯಾಟ್ ಲಪೋರ್ಟಾ, ಬಾಳಿದ್ದು ಬ್ರ್ಯಾಂಟ್ಲಿ. ಮಿಲ್ವಾಕಿಗೂ ನಷ್ಟವಿಲ್ಲ. ಸಬಾಥಿಯಾ 11 ಗೆದ್ದು 2 ಸೋತ, ತಂಡ 1982ರ ನಂತರ ಮೊದಲ ಬಾರಿ ಪ್ಲೇಆಫ್ ಮುಟ್ಟಿತು. 2018ರಲ್ಲಿ ಪಿಚರ್ ಕ್ರಿಸ್ ಆರ್ಚರ್‌ಗಾಗಿ ಪಿಟ್ಸ್‌ಬರ್ಗ್ ಕೊಟ್ಟದ್ದು ಗ್ಲಾಸ್ನೌ, ಮೆಡೋಸ್, ಮತ್ತೆ ಹೆಸರಿಲ್ಲದ ಒಬ್ಬ. ಆ ಒಬ್ಬ, ಮುಂದೆ ಮೇಜರ್ ಲೀಗ್ ಪಿಚರ್ ಆದ ಶೇನ್ ಬಾಜ್.

ಪ್ರಶ್ನೆ (ಬೆಂಗಳೂರು): ಡೆಡ್‌ಲೈನ್ ನಮ್ಮ ಸಮಯಕ್ಕೆ ಎಷ್ಟು ಗಂಟೆಗೆ? ಆಮೇಲೆ ಎಲ್ಲಾ ಮುಗೀತಾ?

ಉತ್ತರ: ಜುಲೈ 28ರಿಂದ ಆಗಸ್ಟ್ 3ರೊಳಗೆ ಕಮಿಷನರ್ ದಿನ ಗೊತ್ತುಮಾಡುತ್ತಾರೆ. 2024ರಲ್ಲಿ ಜುಲೈ 30, 2025ರಲ್ಲಿ ಜುಲೈ 31 ಇತ್ತು. ನ್ಯೂಯಾರ್ಕ್‌ನ ಸಂಜೆ 6, ನಿಮಗೆ ಮರುದಿನ ಬೆಳಗಿನ ಜಾವ 3.30. ಕಾಗದ ಆರರೊಳಗೆ ಸೇರಿದ್ದರೆ ಸುದ್ದಿ ತಡವಾಗಿ ಹೊರಬರುವುದೂ ಉಂಟು, 4 ಗಂಟೆಯವರೆಗೆ ಎದ್ದಿರಿ.

ಮುಂಚೆ ಆಗಸ್ಟ್‌ನಲ್ಲೂ ವೇವರ್ ದಾಟಿದವರ ಟ್ರೇಡ್ ಇತ್ತು. 2017ರ ಆಗಸ್ಟ್ 31ರ ನಡುರಾತ್ರಿಗೆ ಸ್ವಲ್ಪ ಮುಂಚೆ ಪಿಚರ್ ವರ್ಲ್ಯಾಂಡರ್ ಹ್ಯೂಸ್ಟನ್‌ಗೆ ಹೋದದ್ದು ಹಾಗೆ. 2019ರಿಂದ ಆ ಬಾಗಿಲು ಮುಚ್ಚಿದೆ. ಈಗ ಆಗಸ್ಟ್‌ನಲ್ಲಿ ಉಳಿದಿರುವುದು ವೇವರ್‌ಗೆ ಬಿದ್ದವರನ್ನು ಎತ್ತಿಕೊಳ್ಳುವುದು, ಗೆಲುವಿನ ಪ್ರಮಾಣ ಕಡಿಮೆ ಇರುವ ತಂಡಕ್ಕೆ ಮೊದಲ ಹಕ್ಕು. ಆಗಸ್ಟ್ 31ರೊಳಗೆ ಸಂಸ್ಥೆಯೊಳಗೆ ಬಂದಿದ್ದರೆ ಮಾತ್ರ ಪ್ಲೇಆಫ್ ಆಡಬಹುದು.

ಡೆಡ್‌ಲೈನ್ ಮರುದಿನ ದೊಡ್ಡ ಹೆಸರುಗಳ ಗದ್ದಲ ಬಿಟ್ಟು, 40ರ ಪಟ್ಟಿಯಲ್ಲಿ ಜಾಗ ಮಾಡಲು ಯಾರನ್ನು ಕೈಬಿಟ್ಟರು ಎಂದು ನೋಡಿ. ನಿಮ್ಮ ತಂಡಕ್ಕೆ ಬೇಕಾದ ಎಡಗೈ ರಿಲೀವರ್ ಅಲ್ಲಿ ಕನಿಷ್ಠ ಸಂಬಳಕ್ಕೆ ಸಿಕ್ಕರೂ ಸಿಗಬಹುದು.