ಪಕ್ಕದ ಖಾಲಿ ಜಾಗದಲ್ಲಿ 9 ಮಹಡಿ: ಆಕ್ಷೇಪಣೆಯಲ್ಲಿ ಏನು ಬರೆಯಬೇಕು?

ಪ್ರಶ್ನೆ

ನಮ್ಮ ಮನೆಯ ದಕ್ಷಿಣಕ್ಕಿರುವ ಖಾಲಿ ಜಾಗದಲ್ಲಿ 9 ಮಹಡಿಯ ಅಪಾರ್ಟ್‌ಮೆಂಟ್ ಬರಲಿದೆಯಂತೆ. ಬೇಲಿಗೆ ನೋಟಿಸ್ ಹಾಕಿದ್ದಾರೆ. ಆಕ್ಷೇಪಣೆ ಇದ್ದವರು ಸಾರ್ವಜನಿಕ ವಿಚಾರಣೆಗೆ ಮೊದಲೇ ಬರೆದು ಕೊಡಬೇಕು. ಬೀದಿಯವರು ‘ಈ ಕಟ್ಟಡ ಬೇಡವೇ ಬೇಡ’ ಅಂತ ಅರ್ಜಿ ಬರೆದು ಸಹಿ ಹಾಕಿಸುತ್ತಿದ್ದಾರೆ. ಅಲ್ಲಿ ಯಾರೂ ಮನೆ ಕಟ್ಟಲೇಬಾರದು ಅನ್ನೋ ಹಟ ನನಗಿಲ್ಲ. ಆದರೆ ನಮ್ಮ ಹಾಲ್‌ಗೆ ಬಿಸಿಲು ಬರೋದೇ ಆ ಕಡೆಯಿಂದ. ಜೋರು ಮಳೆಯಾದರೆ ಮುಂದಿನ ಚರಂಡಿ ಈಗಲೇ ಉಕ್ಕಿ ಗೇಟಿನೊಳಗೆ ನೀರು ನುಗ್ಗುತ್ತೆ. ನಕ್ಷೆ ತೆರೆದು ನೋಡಿದೆ, ತಲೆಬುಡ ಗೊತ್ತಾಗಲಿಲ್ಲ. ಅದರಲ್ಲಿ ಏನು ನೋಡಬೇಕು? ಆ ಅರ್ಜಿಗೆ ನಾನೂ ಸಹಿ ಹಾಕಲಾ?

ಉತ್ತರ 1

ನಾನು ನಕ್ಷೆ ಪರಿಶೀಲನೆಯ ಕೆಲಸದಲ್ಲೇ ಇದ್ದವನು. ಸಹಿ ಹಾಕಿ, ತೊಂದರೆಯಿಲ್ಲ. ಆದರೆ ನಿಮ್ಮದೇ ಪತ್ರ ಬೇರೆ ಕೊಡಿ. ‘ಬೇಡ’ ಅನ್ನೋ ಪತ್ರವನ್ನು ಅಧಿಕಾರಿ ಫೈಲಿಗೆ ಸೇರಿಸಬಹುದು, ಅಷ್ಟೇ. ಆ ಜಾಗದಲ್ಲಿ ವಸತಿ ಕಟ್ಟಡಕ್ಕೆ ನಿಯಮ ಅವಕಾಶ ಕೊಟ್ಟಿದ್ದರೆ ಅವರ ಕೈಯಲ್ಲಿ ಉಳಿಯೋದು ಷರತ್ತು ಹಾಕೋದು. ಯಾವ ಷರತ್ತು ಬೇಕು ಅಂತ ನೀವೇ ಬರೆದುಕೊಟ್ಟರೆ ಅವರಿಗೂ ಹಿಡಿದುಕೊಳ್ಳೋಕೆ ಏನಾದರೂ ಸಿಗುತ್ತೆ.

ಮೊದಲು ನೆರಳು. ಸೂರ್ಯ 45 ಡಿಗ್ರಿ ಎತ್ತರದಲ್ಲಿದ್ದರೆ ನೆರಳು ಕಟ್ಟಡದಷ್ಟೇ ಉದ್ದ. 30 ಡಿಗ್ರಿಗೆ ಇಳಿದರೆ ಸುಮಾರು 1.7 ಪಟ್ಟು. ಅಂದರೆ 9 ಮಹಡಿಯ, ಸುಮಾರು 28 ಮೀಟರ್ ಎತ್ತರದ ಕಟ್ಟಡದ ನೆರಳು 48 ಮೀಟರ್ ದೂರ ಬೀಳುತ್ತೆ. ಡಿಸೆಂಬರ್ 21ರ ಬೆಳಗ್ಗೆ, ಮಧ್ಯಾಹ್ನ, ಸಂಜೆಯ ನೆರಳಿನ ನಕ್ಷೆ ಕೇಳಿ. ಜೂನ್ ತಿಂಗಳದ್ದು ಮಾತ್ರ ತೋರಿಸಿದರೆ ಒಪ್ಪಬೇಡಿ, ಆಗ ಸೂರ್ಯ ಎತ್ತರದಲ್ಲಿದ್ದು ನೆರಳು ಚಿಕ್ಕದಾಗಿರುತ್ತೆ. ಈ ಜಗಳ ಹೊಸದೇನಲ್ಲ. ನ್ಯೂಯಾರ್ಕ್‌ನಲ್ಲಿ 1915ರಲ್ಲಿ ಈಕ್ವಿಟಬಲ್ ಬಿಲ್ಡಿಂಗ್ ಫುಟ್‌ಪಾತ್ ಅಂಚಿನಿಂದಲೇ ನೆಟ್ಟಗೆ ಎದ್ದು ಸುತ್ತಲಿನ ಬೆಳಕು ನುಂಗಿತು. ಮೇಲೆ ಹೋದಷ್ಟೂ ಕಟ್ಟಡ ಹಿಂದೆ ಸರಿಯಬೇಕು ಅನ್ನೋ ನಿಯಮ ಅಲ್ಲಿ 1916ರಲ್ಲಿ ಬಂತು.

ಹಾಗಂತ ಸುಮ್ನೆ ‘ಮಹಡಿ ಕಡಿಮೆ ಮಾಡಿ’ ಅನ್ನಬೇಡಿ. 2,000 ಚದರ ಮೀಟರ್ ಸೈಟಿಗೆ ಎಫ್‌ಎಆರ್ (ಎಲ್ಲ ಮಹಡಿ ಸೇರಿ ಸೈಟಿನ ಎಷ್ಟು ಪಟ್ಟು ಕಟ್ಟಬಹುದು ಅನ್ನೋ ಮಿತಿ) 2.5 ಅಂದುಕೊಳ್ಳಿ. ಒಟ್ಟು 5,000 ಚದರ ಮೀಟರ್ ಕಟ್ಟಬಹುದು. 9 ಮಹಡಿಯಾದರೆ ಒಂದೊಂದು ಸುಮಾರು 555. ಅದನ್ನೇ 5 ಮಹಡಿಗೆ ಇಳಿಸಿದರೆ ಒಂದೊಂದು 1,000. ಕಟ್ಟಡ ಕುಳ್ಳಾಗುತ್ತೆ, ಆದರೆ ಅಗಲವಾಗಿ ನಿಮ್ಮ ಕಾಂಪೌಂಡಿಗೇ ಬಂದು ನಿಂತೀತು. ಅದರ ಬದಲು, ನಿಮ್ಮ ಕಡೆಗಿರುವ ಉತ್ತರದ ಮಗ್ಗುಲಲ್ಲಿ ಮೇಲಿನ 3 ಮಹಡಿ ಹಿಂದೆ ಸರಿಸಿ ಅಂತ ಕೇಳಿ. ಸೆಕ್ಷನ್ ನಕ್ಷೆಯ (ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿದಂತೆ ತೋರಿಸುವ ನಕ್ಷೆ) ಮೇಲೆ ನಿಮ್ಮ ಕಿಟಕಿ ಎಲ್ಲಿ ಬರುತ್ತೆ ಅಂತ ಗುರುತು ಹಾಕಿಯೇ ಕೊಡಿ.

ನೀರಿನ ವಿಷಯ ಇನ್ನೂ ಗಟ್ಟಿ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಅಂದರೆ 1 ಲೀಟರ್. ಛಾವಣಿ, ಡ್ರೈವ್‌ವೇ ಎಲ್ಲ ಸೇರಿ 1,600 ಚದರ ಮೀಟರ್ ಮುಚ್ಚಿದರೆ, 50 ಮಿಲಿಮೀಟರ್ ಮಳೆಗೆ 80,000 ಲೀಟರ್. ಇಲ್ಲಿವರೆಗೆ ಇದರಲ್ಲಿ ಒಂದು ಪಾಲು ಮಣ್ಣಿಗೆ ಇಂಗುತ್ತಿತ್ತು. ಬೇಸ್‌ಮೆಂಟ್ ನಕ್ಷೆ ತಪ್ಪದೆ ನೋಡಿ. ಅದು ಸೈಟಿನ ಅಂಚಿನಿಂದ ಅಂಚಿಗೆ ಹರಡಿದ್ದರೆ, ಮೇಲಿನ ನಕ್ಷೆಯಲ್ಲಿ ಹಸಿರು ಬಳಿದಿರುವ ತೋಟದ ಕೆಳಗೂ ಕಾಂಕ್ರೀಟ್ ಇರುತ್ತೆ. ನೀರು ಭೂಮಿಗೆ ಹೋಗೋಕೆ ದಾರಿಯೇ ಇರಲ್ಲ. ಎಷ್ಟೋ ಜನ ಹಸಿರು ಬಣ್ಣ ನೋಡಿ ಸಮಾಧಾನ ಪಟ್ಟುಕೊಳ್ಳುತ್ತಾರೆ. ನನಗೆ ತುಂಬಾ ಬೇಜಾರಾಗುವ ಸಂಗತಿ ಇದು. ಚರಂಡಿ ಉಕ್ಕಿದ ಫೋಟೋಗಳನ್ನು ತಾರೀಕಿನ ಸಮೇತ ಪತ್ರಕ್ಕೆ ಲಗತ್ತಿಸಿ.

ಟ್ರಾಫಿಕ್‌ಗೆ ಗೇಟ್ ಎಲ್ಲಿದೆ ಅಂತ ನೋಡಿದರೆ ಸಾಕು. ತಿರುವಿನ ಹತ್ತಿರ ಇದ್ದರೆ ಬರೆಯಿರಿ.

ಉತ್ತರ 2

ನಮ್ಮ ಮನೆ ಬೆಲೆ ಬಿದ್ದುಹೋಗುತ್ತೆ ಅಂತ ಬರೆಯೋದು ಬೇಡ್ವಾ? ಎಲ್ಲರಿಗೂ ಒಳಗೆ ಇರೋ ಭಯ ಅದೇ ಅಲ್ವಾ?

ಉತ್ತರ 1

ಭಯ ನಿಜ, ಆದರೆ ಪತ್ರದಲ್ಲಿ ಅದಕ್ಕೆ ಬಲವಿಲ್ಲ. ಇಂಗ್ಲೆಂಡಿನಲ್ಲಂತೂ ಮನೆ ಬೆಲೆ ಇಳಿಯುತ್ತೆ, ಕಿಟಕಿಯ ನೋಟ ಹೋಗುತ್ತೆ ಅನ್ನೋದನ್ನು ಯೋಜನಾ ಅರ್ಜಿಯಲ್ಲಿ ಲೆಕ್ಕಕ್ಕೇ ತಗೊಳ್ಳೋದಿಲ್ಲ. ಬೆಳಕು, ಖಾಸಗಿತನ, ರಸ್ತೆ ಸುರಕ್ಷತೆಯನ್ನು ತಗೊಳ್ತಾರೆ. ಬೆಲೆಯ ಮಾತು ಮೊದಲ ಸಾಲಲ್ಲೇ ಬಂದರೆ ಉಳಿದದ್ದನ್ನೂ ಅದೇ ಕಣ್ಣಲ್ಲಿ ಓದುತ್ತಾರೆ.

ಪ್ರಶ್ನೆ ಕೇಳಿದವರು

ಬೇಸ್‌ಮೆಂಟ್ ಹಾಳೆ ಈಗ ನೋಡಿದೆ. ಮೂರು ಕಡೆ ಕಾಂಪೌಂಡ್ ಗೆರೆಯವರೆಗೂ ಹೋಗಿದೆ! ನಮ್ಮ ಕಡೆ ಮಾತ್ರ ಸ್ವಲ್ಪ ಬಿಟ್ಟಿದ್ದಾರೆ. ಷರತ್ತಿನ ಮಾತನ್ನು ಹೇಗೆ ಬರೆಯಲಿ?

ಉತ್ತರ 1

‘ಸೂಕ್ತ ವ್ಯವಸ್ಥೆ ಮಾಡಬೇಕು’ ಅಂತ ಬರೆಯಲೇಬೇಡಿ. ಅದನ್ನು ಯಾರೂ ಅಳೆಯೋಕಾಗಲ್ಲ. ಹೀಗೆ ಬರೆಯಿರಿ: ‘ಸೈಟಿನಿಂದ ಚರಂಡಿಗೆ ಹೋಗುವ ಮಳೆನೀರು ಈಗಿನ ಪ್ರಮಾಣಕ್ಕಿಂತ ಹೆಚ್ಚಾಗಬಾರದು. ಅದಕ್ಕೆ ಬೇಕಾದ ತೊಟ್ಟಿಯ ಅಳತೆ ನಕ್ಷೆಯಲ್ಲಿರಬೇಕು. ತೊಟ್ಟಿ ಕಟ್ಟಿದ್ದನ್ನು ಸ್ಥಳದಲ್ಲಿ ಪರಿಶೀಲಿಸುವ ಮೊದಲು ಕಟ್ಟಡದಲ್ಲಿ ವಾಸಕ್ಕೆ ಅನುಮತಿ ಕೊಡುವ ಪ್ರಮಾಣಪತ್ರ ನೀಡಬಾರದು.’ ಕೊನೆಯ ಸಾಲು ಬಿಡಬೇಡಿ. ಜನ ಬಂದು ವಾಸ ಶುರು ಮಾಡಿದ ಮೇಲೆ ಬಿಲ್ಡರ್ ಕೈಯಿಂದ ತೊಟ್ಟಿ ಕಟ್ಟಿಸೋದು ಬಹಳ ಕಷ್ಟ. ಪತ್ರ ಕೊಟ್ಟಾಗ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ವಿಚಾರಣೆಯಲ್ಲಿ ಮಾತಾಡೋಕೆ ಹೆಸರೂ ಬರೆಸಿ.