ಊರಿನ ಕನ್ನಡ ಶಾಲೆಗೆ ಹದಿನಾಲ್ಕೇ ಮಕ್ಕಳು

ಪುಣೆಯ ಓದುಗರ ಸಮಸ್ಯೆ: ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ನಮ್ಮೂರಿನ ಜಿಲ್ಲಾ ಪರಿಷತ್ ಕನ್ನಡ ಶಾಲೆಯಲ್ಲಿ ಒಬ್ಬರೇ ಗುರುಗಳು, ಹದಿನಾಲ್ಕು ಮಕ್ಕಳು. ಮೂರನೇ ಇಯತ್ತೆಯಲ್ಲಿ (ತರಗತಿಯಲ್ಲಿ) ಇರುವ ಅಣ್ಣನ ಮಗನಿಗೆ ಸರಿಯಾಗಿ ಓದಲು ಬರುವುದಿಲ್ಲ. ವ್ಯಾನಿನಲ್ಲಿ ಇಂಗ್ಲಿಷ್ ಶಾಲೆಗೆ ಕಳಿಸಲಾ ಎಂದು ಅಣ್ಣ ಕೇಳುತ್ತಿದ್ದಾನೆ. ಏನು ಹೇಳಲಿ?

ಓದುಗರ ಸ್ಪಂದನ

ಮುಂಬೈ ಮಹಾನಗರ ಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿಸಿದವಳು ನಾನು. ನಿಮ್ಮ ಪತ್ರ ಓದಿ ಸಂಕಟವಾಯಿತು. ನಮ್ಮಲ್ಲೂ ವರ್ಷ ವರ್ಷ ಪಟ, ಅಂದರೆ ಮಕ್ಕಳ ಸಂಖ್ಯೆ, ಇಳಿಯುವುದನ್ನು ಕಣ್ಣಾರೆ ಕಂಡೆ. ಶಾಲೆ ಬದಲಿಸುವ ಮೊದಲು ಹುಡುಗ ಎಲ್ಲಿ ತಡವರಿಸುತ್ತಾನೆ ನೋಡಿ. ಪಕ್ಕದಲ್ಲಿ ಕೂರಿಸಿಕೊಂಡು ಒಂದನೇ ಇಯತ್ತೆಯ ಪುಸ್ತಕ ಓದಿಸಿ. ನನ್ನ ತರಗತಿಯ ಹುಡುಗಿಯೊಬ್ಬಳು 'ಮರ', 'ಸರ' ಪಟಪಟ ಓದುತ್ತಿದ್ದಳು. 'ಅಕ್ಕ' ಬಂತೆಂದರೆ ಬೆರಳು ಅಲ್ಲೇ ನಿಲ್ಲುತ್ತಿತ್ತು. ಒತ್ತಕ್ಷರ ಒಂದೇ ಅವಳ ತೊಡಕು! ದಿನಾ ಹತ್ತು ನಿಮಿಷ ಅಕ್ಕ, ಹಳ್ಳ, ರೊಟ್ಟಿ ಅಂತ ಬರೆಸಿದೆ. ದೀಪಾವಳಿ ರಜೆ ಹೊತ್ತಿಗೆ ಇಡೀ ಪಾಠ ಓದಿದಳು. ಇದನ್ನು ಸರಿಮಾಡದೆ ಇಂಗ್ಲಿಷ್ ಶಾಲೆಗೆ ಹಾಕಿದರೆ ಮಗುವಿಗೆ ಹೊರೆ ಜಾಸ್ತಿ. ಸಂಜೆ ಫೋನ್ ಮಾಡಿ ಒಂದು ಪುಟ ಓದಿಸಿ ಕೇಳಿ. ಪುಣೆಯಲ್ಲಿದ್ದುಕೊಂಡೇ ಮಾಡಬಹುದು, ಅಲ್ವಾ?
— ನಿವೃತ್ತ ಶಿಕ್ಷಕಿ, ಡೊಂಬಿವಲಿ

ಒಬ್ಬರೇ ಗುರುಗಳು ಎಂದಿದ್ದೀರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರಿರಬೇಕು. ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕು. ನಿಮ್ಮ ಅತ್ತಿಗೆ ಸಮಿತಿಗೆ ಸೇರಲಿ. ಇನ್ನೊಬ್ಬ ಗುರುಗಳು ಬೇಕೆಂದು ಠರಾವು ಮಾಡಿ, ತಾಲ್ಲೂಕಿನ ಶಿಕ್ಷಣಾಧಿಕಾರಿಗೆ ಕೊಟ್ಟು, ನಕಲಿನ ಮೇಲೆ ಸಿಕ್ಕಾ (ಮೊಹರು) ಹಾಕಿಸಿಕೊಳ್ಳಿ. ಬಾಯಿಮಾತಲ್ಲಿ ಕೇಳಿದರೆ ದಾಖಲೆ ಉಳಿಯುವುದಿಲ್ಲ.
— ವಕೀಲರು, ಠಾಣೆ

ಅಣ್ಣಾ, ನಾನೂ ಜತ್ತ ಕಡೆಯವನೇ. ದೀಪಾವಳಿ ಸುತ್ತ ಎಷ್ಟೋ ಮನೆಯವರು ಕಬ್ಬು ಕಡಿಯಲು ಸಕ್ಕರೆ ಕಾರ್ಖಾನೆಗಳ ಕಡೆ ಹೊರಡುತ್ತಾರೆ. ಮಕ್ಕಳೂ ಗಾಡಿ ಹತ್ತುತ್ತಾರೆ. ಬೇಸಿಗೆಯಲ್ಲಿ ಮರಳಿ ಬರುವಾಗ ಕಲಿತದ್ದು ಮರೆತಿರುತ್ತದೆ. ಗುರುಗಳನ್ನು ಸುಮ್ನೆ ಬೈಯ್ಯಬೇಡಿ. ನನ್ನ ಅವ್ವ ಅಪ್ಪ ಹೊರಟಾಗ ಅಜ್ಜಿ ಗಾಡಿಯಿಂದ ನನ್ನ ಚೀಲ ಇಳಿಸಿಕೊಂಡಳು. "ಇವ ನನ್ನ ಹಂತೇಕ ಇರ್ಲಿ" ಅಂದಳು. ಅದಕ್ಕೇ ನನ್ನ ಓದು ನಿಲ್ಲಲಿಲ್ಲ. ನಿಮ್ಮೂರಲ್ಲೂ ಹಿಂಗ ಹೋಗುವ ಮನೆ ಎಷ್ಟಿವೆ ಅಂತ ಅಣ್ಣನಿಂದ ತಿಳಿದುಕೊಳ್ಳಿ. ಮಕ್ಕಳನ್ನು ಅಜ್ಜಿಯರ ಹತ್ತಿರ ಬಿಡಲು ಒಪ್ಪಿಸಿದರೆ, ಕಾಳು ಎಣ್ಣೆಯ ಖರ್ಚಿಗೆ ಪುಣೆಯಲ್ಲಿರುವ ನಾವೆಲ್ಲ ಸೇರೋಣ. ನಾನು ತಯಾರಿದ್ದೇನೆ.
— ಕಾರ್ಖಾನೆ ನೌಕರ, ಪಿಂಪ್ರಿ