‘ಟ್ರಯಲ್’ಗೆ ಕನ್ನಡದಲ್ಲಿ ಏನನ್ನೋಣ? ಕೇಳುವುದಾ, ನೋಡುವುದಾ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಹೋದ ವಾರ ಆರೋಗ್ಯದ ಬಗ್ಗೆ ಒಂದು ಸಣ್ಣ ಬರಹವನ್ನು ಕನ್ನಡಕ್ಕೆ ತರುತ್ತಿದ್ದೆ. ಹೊಸ ಲಸಿಕೆಯೊಂದರ ಟ್ರಯಲ್ ನಡೆಯುತ್ತಿದೆ ಎಂಬ ಮಾತು ಅದರಲ್ಲಿತ್ತು. ನಾನು ಜಾಸ್ತಿ ಯೋಚಿಸದೆ ‘ಲಸಿಕೆಯ ಪ್ರಯೋಗ ನಡೆಯುತ್ತಿದೆ’ ಎಂದು ಬರೆದೆ. ಓದಿದ ಗೆಳತಿ ಕೇಳಿದಳು: ‘ಹಾಗಾದ್ರೆ ಲಸಿಕೆ ಹಾಕೋದು ಶುರು ಆಯ್ತಾ?’

ಅವಳದು ತಪ್ಪಲ್ಲ. ಪ್ರಯೋಗ ಎಂದರೆ ಬಳಕೆ ಎಂದೂ ಅರ್ಥ. ಬಲಪ್ರಯೋಗ, ಪದಪ್ರಯೋಗ, ಅಶ್ರುವಾಯು ಪ್ರಯೋಗ, ಇಲ್ಲೆಲ್ಲ ಪರೀಕ್ಷೆಯ ಸುಳಿವೇ ಇಲ್ಲ. ವ್ಯಾಕರಣದಲ್ಲಿ ಕರ್ಮಣಿ ಪ್ರಯೋಗ ಇದೆ. ನಾಟಕದವರಿಗೆ ಒಂದೊಂದು ಪ್ರದರ್ಶನವೂ ಒಂದು ಪ್ರಯೋಗ. ಮಾಟ ಮಾಡಿಸಿದರೂ ‘ಪ್ರಯೋಗ ಮಾಡಿಸಿದ್ದಾರೆ’ ಎನ್ನುತ್ತಾರೆ. ಅದಕ್ಕೇ ‘ಜನರ ಮೇಲೆ ಪ್ರಯೋಗ’ ಎಂದ ಕೂಡಲೇ ಓದುವವರಿಗೆ ಒಳಗೊಳಗೇ ಹೆದರಿಕೆ ಆಗುತ್ತದೆ. ಆ ‘ಮೇಲೆ’ ಎಂಬುದೇ ಹೆದರಿಸುವ ಮಾತು.

ಅಲ್ಲಿಂದ ಟ್ರಯಲ್‌ನ ಬೆನ್ನು ಹತ್ತಿದೆ. ಅದರ ಬೇರು ‘ಟ್ರೈ’ಯಲ್ಲಿದೆ. ಅದು ಇಂಗ್ಲಿಷಿಗೆ ಹಳೆಯ ಫ್ರೆಂಚಿನಿಂದ ಬಂದದ್ದು. ಅಲ್ಲಿ ಅದಕ್ಕೆ ಆರಿಸು, ಬೇರ್ಪಡಿಸು ಎಂಬ ಅರ್ಥ. ನಮ್ಮ ಮಾತಿನಲ್ಲಿ ಹೇಳುವುದಾದರೆ ಕೇರಿ ಕಾಳು ಜೊಳ್ಳು ಬೇರೆ ಮಾಡುವುದು. ಕೋರ್ಟು ಸತ್ಯ ಸುಳ್ಳನ್ನು ಬೇರೆ ಮಾಡಿದರೂ ಟ್ರಯಲ್, ವೈದ್ಯರು ಕೆಲಸ ಮಾಡುವ ಮದ್ದನ್ನು ಮಾಡದ ಮದ್ದಿನಿಂದ ಬೇರೆ ಮಾಡಿದರೂ ಟ್ರಯಲ್.

ಕನ್ನಡದಲ್ಲಿ ಈ ಎರಡೂ ಕಡೆ ಹೊಂದುವ ಹಳೆಯ ಪದ ಒಂದು ಇತ್ತು: ದಿವ್ಯ. ಕಾದ ಕಬ್ಬಿಣವನ್ನು ಕೈಯಲ್ಲಿ ಹಿಡಿದು ತಾನು ತಪ್ಪು ಮಾಡಿಲ್ಲ ಎಂದು ತೋರಿಸುವ ಪದ್ಧತಿಗೆ ಆ ಹೆಸರು. ವ್ಯಾಜ್ಯವೂ ಅಲ್ಲೇ, ಪರೀಕ್ಷೆಯೂ ಅಲ್ಲೇ. ಯುರೋಪಿನಲ್ಲೂ ಬೆಂಕಿ, ನೀರಿನ ಪರೀಕ್ಷೆಗಳಿದ್ದವು. 1215ರಲ್ಲಿ ಚರ್ಚಿನ ಮಹಾಸಭೆ ಪಾದ್ರಿಗಳು ಅದರಲ್ಲಿ ಭಾಗವಹಿಸಬಾರದು ಎಂದ ಮೇಲೆ ಇಂಗ್ಲೆಂಡಿನಲ್ಲಿ ಜ್ಯೂರಿಗಳ ಕಾಲ ಬಂತು. ಕಾದಾಡಿ ವ್ಯಾಜ್ಯ ತೀರಿಸಿಕೊಳ್ಳುವ ಪದ್ಧತಿಯನ್ನು ಮಾತ್ರ ಅಲ್ಲಿ ಕಾನೂನಿನಿಂದ ತೆಗೆದದ್ದು 1819ರಲ್ಲಿ. ನಮ್ಮಲ್ಲಿ ಈಗ ದಿವ್ಯಕ್ಕೆ ಬೇರೆಯೇ ಅರ್ಥ ಬಂದಿದೆ. ಅಗ್ನಿಪರೀಕ್ಷೆ ಉಳಿದಿದೆ, ಆದರೆ ರಾಜಕೀಯ ಸುದ್ದಿಯ ತಲೆಬರಹದಲ್ಲಿ.

ಇನ್ನು ಕೋರ್ಟಿನ ಟ್ರಯಲ್. ಇದಕ್ಕೆ ನಾವು ‘ವಿಚಾರಣೆ’ ಎನ್ನುತ್ತೇವೆ. ನನಗೆ ಜಾಸ್ತಿ ಬೇಸರ ತರಿಸುವ ಜಾಗ ಇದೇ. ಪೊಲೀಸರು ಠಾಣೆಗೆ ಕರೆದು ಪ್ರಶ್ನೆ ಕೇಳಿದರೆ ವಿಚಾರಣೆ. ಇಲಾಖೆಯವರು ನೌಕರನ ಮೇಲಿನ ದೂರು ನೋಡಿದರೆ ವಿಚಾರಣೆ. ಜಾಮೀನು ಅರ್ಜಿ ನ್ಯಾಯಾಧೀಶರ ಮುಂದೆ ಬಂದರೆ ವಿಚಾರಣೆ. ದೋಷಾರೋಪ ನಿಗದಿಯಾಗಿ, ಸಾಕ್ಷಿಗಳು ಕಟಕಟೆ ಹತ್ತಿ, ಪಾಟೀಸವಾಲು ನಡೆದು, ತೀರ್ಪಿನವರೆಗೆ ಹೋಗುವ ಆ ದೊಡ್ಡ ಕೆಲಸವೂ ವಿಚಾರಣೆಯೇ. ‘ಆತನ ವಿಚಾರಣೆ ನಡೆದಿದೆ’ ಎಂದು ಓದಿದವರು ಏನೆಂದು ತಿಳಿಯಬೇಕು? ಬರೀ ಪ್ರಶ್ನೆ ಕೇಳಿ ಕಳಿಸಿದವನನ್ನೂ ಜನ ಕಟಕಟೆಯಲ್ಲಿ ನಿಂತವನಂತೆ ನೋಡುತ್ತಾರೆ. ಪದ ಹೀಗೆ ಕಲಸಿಹೋದರೆ ಒಬ್ಬ ಮನುಷ್ಯನ ಮಾನಕ್ಕೆ ಪೆಟ್ಟು ಬೀಳುತ್ತದೆ, ಅಲ್ವಾ?

ಕಾನೂನಿನಲ್ಲಿ ಈ ಗೊಂದಲ ಇಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆ ‘ಎನ್‌ಕ್ವೈರಿ’ ಎಂದರೆ ಟ್ರಯಲ್ ಅಲ್ಲದ್ದು ಎಂದೇ ಗೆರೆ ಎಳೆದಿತ್ತು. ಆದರೆ ಟ್ರಯಲ್ ಎಂದರೇನು ಎಂದು ಅದು ಎಲ್ಲೂ ಹೇಳಲಿಲ್ಲ. ಪೊಲೀಸರ ಕೆಲಸಕ್ಕೆ ನಮ್ಮಲ್ಲಿ ‘ತನಿಖೆ’ ಇದೆ, ಅದು ಗಟ್ಟಿ ಪದ. ಅವರು ಪ್ರಶ್ನೆ ಕೇಳುವುದನ್ನು ‘ಪ್ರಶ್ನಿಸಿದರು’ ಎಂದರೆ ಸಾಕು. ಇಲಾಖೆಯದಕ್ಕೆ ‘ಇಲಾಖಾ ವಿಚಾರಣೆ’ ಎಂದು ಹೆಸರೇ ಇದೆ. ಕೋರ್ಟಿನ ಟ್ರಯಲ್‌ಗೆ ಕಾನೂನಿನ ಅನುವಾದಗಳಲ್ಲಿ ‘ಅಧಿವಿಚಾರಣೆ’ ಎಂದು ನೋಡಿದ್ದೇನೆ. ಅರ್ಥ ಸರಿ ಇದೆ, ಬಾಯಿಗೆ ಮಾತ್ರ ಭಾರ. ‘ವಿಚಾರಣಾಧೀನ ಕೈದಿ’ ಎಲ್ಲರಿಗೂ ಒಗ್ಗಿಹೋದ ಮಾತು. ಅಲ್ಲಿ ‘ವಿಚಾರಣೆ’ಯನ್ನು ಕದಲಿಸುವುದು ಬೇಡ. ಕೋರ್ಟಿನ ಟ್ರಯಲ್‌ಗೇ ಆ ಪದವನ್ನು ಮೀಸಲಿಟ್ಟು, ಬೇರೆ ಕಡೆ ಬೇರೆ ಮಾತು ಬಳಸೋಣ ಎಂಬುದು ನನ್ನ ಆಸೆ.

ರಾಜಕೀಯದಲ್ಲಿ ತೊಡಕು ಇನ್ನೊಂದು ಬಗೆಯದು. ಅಮೆರಿಕದ ಅಧ್ಯಕ್ಷರ ಇಂಪೀಚ್‌ಮೆಂಟಿಗೆ ಪತ್ರಿಕೆಗಳು ‘ವಾಗ್ದಂಡನೆ’ ಎನ್ನುತ್ತವೆ. ಮಾತಿನಿಂದ ದಂಡಿಸುವುದು ಎಂದಾಯಿತು. ಆದರೆ ಅಲ್ಲಿ ಕೆಳಮನೆ ಮಾಡುವುದು ದಂಡನೆ ಅಲ್ಲ, ಬರೀ ಆರೋಪ ಹೊರಿಸುವುದು. ಟ್ರಯಲ್ ನಡೆಸುವುದು ಸೆನೆಟ್. ತಪ್ಪಿತಸ್ಥ ಎನ್ನಲು ಮೂರರಲ್ಲಿ ಎರಡು ಪಾಲು ಮತ ಬೇಕು. 1868ರಲ್ಲಿ ಆಂಡ್ರ್ಯೂ ಜಾನ್ಸನ್ ವಿರುದ್ಧ 35 ಮತ, ಪರ 19 ಮತ ಬಿದ್ದವು. ಒಂದೇ ಒಂದು ಮತ ಕಡಿಮೆಯಾಗಿ ಅವರು ಉಳಿದುಕೊಂಡರು. ಡೊನಾಲ್ಡ್ ಟ್ರಂಪ್ ಮೇಲೆ 2019ರಲ್ಲಿ, ಮತ್ತೆ 2021ರಲ್ಲಿ ಆರೋಪ ಹೊರಿಸಿದರು. ಎರಡು ಸಲವೂ ಸೆನೆಟ್ ಅವರನ್ನು ಖುಲಾಸೆ ಮಾಡಿತು. ‘ವಾಗ್ದಂಡನೆಗೆ ಗುರಿಯಾದರು’ ಎಂದು ಓದಿದವರಿಗೆ ಕೆಲಸ ಮುಗಿದೇಹೋಯಿತು ಎನಿಸುತ್ತದೆ. ‘ಮಹಾಭಿಯೋಗ’ ಎಂಬುದು ಕಷ್ಟದ ಪದವಾದರೂ ಅದರಲ್ಲಿ ಆರೋಪ ಎಂಬ ಅರ್ಥವಾದರೂ ಇದೆ. ನನ್ನ ಮತ ಅದಕ್ಕೇ. ಸೆನೆಟಿನದನ್ನು ವಿಚಾರಣೆ ಎನ್ನಬಹುದು: ಕೂತವರು ರಾಜಕಾರಣಿಗಳೇ ಆದರೂ ಪ್ರಮಾಣ ಮಾಡಿಯೇ ಕೂರುತ್ತಾರೆ.

ನಾಯಕರು ಒಂದು ಯೋಜನೆಯ ಸುದ್ದಿಯನ್ನು ಸುಮ್ನೆ ಹೊರಗೆ ಬಿಟ್ಟು ಜನ ಏನನ್ನುತ್ತಾರೆ ಎಂದು ಕಾಯುವುದಕ್ಕೂ ಇಂಗ್ಲಿಷಿನಲ್ಲಿ ಟ್ರಯಲ್ ಬಲೂನು ಎಂಬ ಮಾತಿದೆ. ಆ ಬಲೂನು ನಮಗೆ ಬೇಡ. ‘ನಾಡಿ ಹಿಡಿದು ನೋಡುವುದು’ ಎಂದರೆ ಮುಗಿಯಿತು.

ವಿಜ್ಞಾನಕ್ಕೆ ಬರೋಣ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ, ಸ್ಕರ್ವಿ ರೋಗ ಬಂದ 12 ನಾವಿಕರನ್ನು ಆರು ಜೋಡಿ ಮಾಡಿದ. ಎಲ್ಲರಿಗೂ ಊಟ ಒಂದೇ. ಮದ್ದು ಮಾತ್ರ ಜೋಡಿಗೊಂದು ಬಗೆ. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗ ಚೇತರಿಸಿಕೊಂಡರು. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಸ್ಟ್ರೆಪ್ಟೊಮೈಸಿನ್ ಟ್ರಯಲ್‌ನಲ್ಲಿ ಕ್ಷಯ ಇದ್ದ 107 ಜನರಿದ್ದರು. ಯಾರಿಗೆ ಮದ್ದು, ಯಾರಿಗೆ ಬರೀ ವಿಶ್ರಾಂತಿ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ, ಮುಚ್ಚಿದ ಲಕೋಟೆಯೊಳಗಿನ ಚೀಟಿಗೆ ಬಿಟ್ಟರು. ಆರು ತಿಂಗಳಲ್ಲಿ ಮದ್ದು ಪಡೆದ 55 ಜನರಲ್ಲಿ 4 ಮಂದಿ ತೀರಿಕೊಂಡರು, ಪಡೆಯದ 52 ಜನರಲ್ಲಿ 14 ಮಂದಿ. ಈ ಎರಡರಲ್ಲೂ ಜೀವಾಳ ಎಂದರೆ ಹೋಲಿಕೆ. ಒಬ್ಬರಿಗೆ ಕೊಟ್ಟು, ಇನ್ನೊಬ್ಬರಿಗೆ ಕೊಡದೆ, ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಪ್ರಯೋಗ ಎಂಬ ಪದದಲ್ಲಿ ಈ ಹೋಲಿಕೆ ಕಾಣುವುದೇ ಇಲ್ಲ. ಪರೀಕ್ಷೆ ಎಂದರೆ ಇನ್ನೂ ಕಷ್ಟ, ರಕ್ತಪರೀಕ್ಷೆ ಥರ ಕೇಳಿಸುತ್ತದೆ.

ಸಂಭವನೀಯತೆಯ ಗಣಿತದಲ್ಲಿ ಒಂದೊಂದು ಸಲ ನಾಣ್ಯ ಚಿಮ್ಮುವುದೂ ಒಂದು ಟ್ರಯಲ್. ಅದಕ್ಕೆ ‘ಯತ್ನ’ ಎನ್ನುವವರಿದ್ದಾರೆ. ನನಗೆ ‘ಸಲ’ವೇ ಸಾಕು ಎನಿಸುತ್ತದೆ. ನೂರು ಟ್ರಯಲ್ ಎಂದರೆ ನೂರು ಸಲ, ಅಷ್ಟೇ.

ಇಷ್ಟೆಲ್ಲ ಬರೆದು ಕೂತಾಗ ಒಂದು ವಿಷಯ ಹೊಳೆಯಿತು. ಕನ್ನಡದಲ್ಲಿ ‘ಟ್ರೈ ಮಾಡು’ ಎನ್ನಲು ಹಳೆಯ ದಾರಿ ಒಂದಿದೆ: ‘ನೋಡು’. ಮಾಡಿ ನೋಡು, ಹಾಕಿ ನೋಡು, ಕೊಟ್ಟು ನೋಡು, ಕೇಳಿ ನೋಡು. ಯಾವ ಕ್ರಿಯಾಪದದ ಬೆನ್ನಿಗೆ ಬೇಕಾದರೂ ನಿಲ್ಲುತ್ತದೆ. ಕೋರ್ಟಿನಲ್ಲಿ ಮಾತ್ರ ನಾವು ನೋಡುವುದಿಲ್ಲ, ‘ಕೇಳುತ್ತೇವೆ’. ದೂರು ಕೇಳುವುದು, ನ್ಯಾಯ ಕೇಳುವುದು, ವಾದ ಕೇಳುವುದು. ಇಂಗ್ಲಿಷು ಒಂದೇ ಮಾತಿನಲ್ಲಿ ಹೇಳಿದ್ದನ್ನು ಕನ್ನಡ ಕಣ್ಣಿಗೂ ಕಿವಿಗೂ ಹಂಚಿಕೊಟ್ಟಿದೆ. ಹಾಗಾಗಿ ಎರಡಕ್ಕೂ ಒಂದೇ ಪದ ಹುಡುಕುವ ಆಸೆಯನ್ನು ನಾನು ಬಿಟ್ಟಿದ್ದೇನೆ.

ನನ್ನ ಸಾಲನ್ನು ಈಗ ಹೀಗೆ ತಿದ್ದಿದ್ದೇನೆ: ‘ಹೊಸ ಲಸಿಕೆಯನ್ನು ಒಪ್ಪಿದ ಕೆಲವರಿಗೆ ಹಾಕಿ ನೋಡುತ್ತಿದ್ದಾರೆ.’ ಗೆಳತಿಗೆ ತಟ್ಟನೆ ಅರ್ಥವಾಯಿತು. ಆದರೆ ತಲೆಬರಹಕ್ಕೆ ಒಂದು ಹೆಸರುಪದ ಬೇಕಲ್ಲ? ‘ಒರೆಗೆ ಹಚ್ಚು’ ಎಂಬುದರಿಂದ ‘ಒರೆನೋಟ’ ಎಂದು ಕಟ್ಟಿದ್ದೇನೆ, ‘ಲಸಿಕೆಯ ಒರೆನೋಟ’. ಚಿನ್ನವನ್ನು ಕಲ್ಲಿಗೆ ತಿಕ್ಕಿ ಹೋಲಿಸಿ ನೋಡುವ ಚಿತ್ರ ಅದರಲ್ಲಿದೆ. ಇದು ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ಆಸ್ಪತ್ರೆ, ಕೋರ್ಟುಗಳಲ್ಲಿ ದಿನವೂ ಕನ್ನಡದಲ್ಲಿ ಕೆಲಸ ಮಾಡುವವರು ನಮ್ಮ ನಡುವೆ ಇದ್ದರೆ, ನಿಮ್ಮ ಬಾಯಲ್ಲಿ ಬರುವ ಮಾತು ಯಾವುದು ಎಂದು ದಯವಿಟ್ಟು ಬರೆಯಿರಿ.